ಸೋದರಮಾವನ ಮೊಳ

ಅವನ ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಒಣಗಿದ ಹುಣಸೆ ಕೊಂಬೆಯ ಹಾಗೆ ಉದ್ದಕ್ಕೆ ಚಾಚಿಕೊಂಡಿತ್ತು. ನಡುಬೆರಳಿನ ಉಗುರು ಸೀಳಿತ್ತು. ಬಟ್ಟೆಯಾಗಲಿ, ಬಾವಿಯ ಹಗ್ಗವಾಗಲಿ, ಕಂಡದ್ದಕ್ಕೆಲ್ಲ ಆ ಕೈ ಇಟ್ಟು ಮೊಳ ಹಾಕದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹಾಕಿ ಮುಗಿಸಿ "ನನ್ನ ಕೈ ಸುಳ್ಳು ಹೇಳಾದಿಲ್ಲ" ಅನ್ನುವುದು ಬೇರೆ. ಅವನು ನನ್ನ ಅವ್ವನ ಅಣ್ಣ, ನನ್ನ ಸೋದರಮಾವ. ಬದುಕಿದ್ದಾಗ ತಲೆ ಬಗ್ಗಿಸಿ ಮಾತಾಡುತ್ತಿದ್ದೆ. ಈಗ 'ಅವನು' ಅನ್ನುತ್ತೇನೆ. ಯಾರೇನು ಬೇಕಾದರೂ ಅಂದುಕೊಳ್ಳಲಿ.

ಬೆಟ್ಟದಾಚೆಯ ನೀರು ಸುರಂಗ ಹಾದು ನಮ್ಮ ಕಂಬಂ ಕಣಿವೆಗೆ ಬಂದ ಹೊಸತು. ಒಂದು ಬೆಳೆ ತೆಗೆಯುತ್ತಿದ್ದವರು ಎರಡು ತೆಗೆಯತೊಡಗಿದ್ದರು, ಮನೆಮನೆಯಲ್ಲೂ ಮದುವೆ ಮಾತು. ನನಗೆ ಕೊಂಬೈಯಿಂದ ಸಂಬಂಧ ಬಂತು. ಆ ಹುಡುಗ ಒಮ್ಮೆ ಎತ್ತುಗಳಿಗೆ ನೀರು ಕುಡಿಸಲು ನಮ್ಮ ಬಾವಿಗೆ ಬಂದಿದ್ದ. ನನ್ನನ್ನು ನೋಡಿ ನಾಚಿಕೊಂಡು, ಎತ್ತಿನ ಕಡೆ ತಿರುಗಿ ನಕ್ಕಿದ್ದ. ಅಷ್ಟು ಸಾಕಾಯಿತು ನನಗೆ. ಮದುವೆಯಾದರೆ ಅವನನ್ನೇ ಅಂದುಕೊಂಡೆ.

ಆದರೆ ಮಾವನಿಗೂ ಒಬ್ಬ ಮಗನಿದ್ದ. "ಮುರೆ ಪ್ರಕಾರ ತಂಗಿ ಮಗಳು ಆ ಪುಳ್ಳೆ ನನ್ನ ಮನೆಗೇ ಬರ್ಬೇಕು" ಎಂದು ತನ್ನ ಹಕ್ಕನ್ನು ಊರೆಲ್ಲ ಸಾರಿಕೊಂಡು ತಿರುಗಿದ. ಅವ್ವ ಜಗ್ಗಲಿಲ್ಲ. ಕೊನೆಗೆ ಅವನೂ ಸುಮ್ಮನಾದ. ಒಪ್ಪಿದನೆಂದೇ ನಾವೆಲ್ಲ ನಂಬಿದೆವು. ಎಂಥ ಪೆದ್ದರು ನಾವು!

ನಮ್ಮ ಕುಲದಲ್ಲಿ ಗಂಡಿನವರು ತಂದ ಸೀರೆಯನ್ನು ಚಾಪೆಯ ಮೇಲೆ ಹಾಸಿ, ಹೆಣ್ಣಿನ ಸೋದರಮಾವ ತನ್ನ ಕೈಯಲ್ಲೇ ಹದಿನಾರು ಮೊಳ ಎಣಿಸಿ ಕೊಡಬೇಕು. ಆಮೇಲೆಯೇ ಹೆಣ್ಣು ಅದನ್ನು ಉಡುವುದು. ಕೊಂಬೈಯವರು ಪೆರಿಯಕುಳಂನ ಜವಳಿ ಅಂಗಡಿಯಿಂದ ಎಂಟು ಗಜದ ಸೀರೆ ತಂದಿದ್ದರು. ಗಜಕ್ಕೆ ಎರಡು ಮೊಳ. ಅಂಗಡಿಯ ಲೆಕ್ಕ ಸರಿಯಾಗಿಯೇ ಇತ್ತು. ಮಾವ ಎಲ್ಲರೆದುರು ಕೂತು ಮೊಳ ಹಾಕುತ್ತ ಬಂದ. ಹದಿನಾಲ್ಕು ಅನ್ನುವಷ್ಟರಲ್ಲಿ ಸೀರೆ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದು ಗೇಣಿಗೂ ಕಮ್ಮಿ.

"ಏನ್ ಗೌಡ್ರೇ ಇದು? ನಮ್ ಪುಳ್ಳೆಗೆ ಅರೆ ಸೀಲೆ ಉಡ್ಸಿ ಕರ್ಕೊಂಡ್ ಹೋಗ್ತೀರಾ?" ಅಂದ.

ಹುಡುಗನ ಅಪ್ಪ ತಬ್ಬಿಬ್ಬಾದರು. "ಎಂಟು ಗಜ ಐತೆ. ಬೇಕಾದ್ರೆ ಆ ಅಂಗಡಿ ಕೋಲೇ ತರಿಸ್ತೀನಿ, ಅಳ್ದು ನೋಡಿ."

"ಅದು ಬಿಳಿ ದೊರೆಗಳ ಕೋಲು. ದೊರೆ ಏನ್ ಈ ಪುಳ್ಳೆಗೆ ತಾಯ್ಮಾಮನಾ?"

ನೆರೆದವರು ನಕ್ಕರು. ಹಾಳಾದವರು, ನಕ್ಕೇ ಕೆಡಿಸಿದರು. ಬೇರೆ ಸೀರೆ ತರುತ್ತೇವೆ ಅಂದರೂ ಮಾವ ಬಿಡಲಿಲ್ಲ. "ಮೊದಲ್ನೇದು ಕುಂದಾದ್ಮೇಲೆ ಎರಡನೇದಕ್ಕೆ ನಾನು ಕೈ ಇಕ್ಕಾದಿಲ್ಲ" ಅಂದ. ಅವನ ಕೈ ಇಲ್ಲದೆ ಮದುವೆ ಇಲ್ಲ. ಹುಡುಗನ ಅಪ್ಪ ಮುಖ ಕೆಂಪು ಮಾಡಿಕೊಂಡು ಸೀರೆಯ ತಟ್ಟೆ ಎತ್ತಿಕೊಂಡು ಗಾಡಿ ಹತ್ತಿದರು. ನಾನು ಬಾಗಿಲ ಹಿಂದೆ ನಿಂತು, ಯಾರಾದರೂ ಒಂದು ಮಾತಾಡಿ, ಒಂದೇ ಒಂದು ಮಾತಾಡಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಗಾಡಿ ಊರು ದಾಟಿತು.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮಾವನ ಮಗನ ಜೊತೆ ನನ್ನ ಮದುವೆಯಾಯಿತು. ನನ್ನ ಗಂಡ ಮಿತಭಾಷಿ, ಕೈ ಎತ್ತಿದವರಲ್ಲ, ಬೈದವರಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ದೂರೆಲ್ಲ ಆ ಮುದುಕನ ಮೇಲೆ. ಬಂದವರಿಗೆಲ್ಲ ನನ್ನನ್ನು ತೋರಿಸಿ "ಈ ಕೈಯೇ ನನ್ ಸೊಸೇನ ಉಳಿಸ್ಕೊಂಡಿದ್ದು" ಎಂದು ಮೀಸೆ ತಿರುವುತ್ತಿದ್ದ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಆ ಕೈಯ ಉದ್ದಕ್ಕೂ ನೂಲು ಹಿಡಿದು ಗಂಟು ಹಾಕಿಕೊಂಡೆ. ಪೆರಿಯಕುಳಂಗೆ ಹೋದಾಗ ಅದೇ ಅಂಗಡಿಯವನಿಗೆ ಕೊಟ್ಟೆ. ಅವನು ಕೋಲಿನ ಮೇಲೆ ಇಟ್ಟು ನೋಡಿ ನಕ್ಕುಬಿಟ್ಟ. "ಗಜಕ್ಕೆ ಮೂವತ್ತಾರು ಇಂಚು, ಮೊಳಕ್ಕೆ ಹದಿನೆಂಟು. ಇದು ಇಪ್ಪತ್ತು ಬರ್ತದೆ. ಯಾವ ರಾಕ್ಷಸನ ಕೈಯಮ್ಮಾ ಇದು?" ಮೊಳಕ್ಕೆ ಎರಡು ಇಂಚು, ಹದಿನಾರು ಮೊಳಕ್ಕೆ ಮೂವತ್ತೆರಡು. ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ಒಂದು ಗಜವೂ ತುಂಬದಷ್ಟು ಬಟ್ಟೆಗೆ ನನ್ನ ಕೊಂಬೈ ಕೈತಪ್ಪಿತ್ತು.

ಮುದುಕ ಹಾಸಿಗೆ ಹಿಡಿದ ಮೇಲೆ ಗಂಜಿ ಕುಡಿಸುವುದು ನನ್ನ ಪಾಲಿಗೇ ಬಂತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಮಾಮಾ, ಅವತ್ತು ಆ ಸೀಲೆ ಇನ್ನೂ ಮೂವತ್ತೆರಡು ಇಂಚು ಉದ್ದ ಇದ್ದಿದ್ರೆ?"

ಬಾಯಲ್ಲಿದ್ದ ಗಂಜಿ ನುಂಗಿದ. "ಅಂಚು ಚೆನ್ನಾಗಿಲ್ಲ ಅಂತಿದ್ದೆ" ಅಂದ. ತುಟಿ ಒರೆಸಿಕೊಂಡು, "ಇನ್ನೊಂಚೂರು ಉಪ್ಪಾಕು."

ಉಪ್ಪು ಹಾಕಿ ಕೊಟ್ಟೆ. ಇನ್ನೇನು ಮಾಡಲಿ?

ಅವನು ಸತ್ತ ದಿನ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನನ್ನ ಕಣ್ಣಲ್ಲಿ ಒಂದು ಹನಿ ಇಲ್ಲ. ಗಂಡ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದರು. ಅವರ ಕಣ್ಣೂ ಒಣಗಿತ್ತು.

"ಅಳಾದಿಲ್ವಾ? ನಿಮ್ಮಪ್ಪ ಅಲ್ವಾ?" ಅಂದೆ.

"ಅವತ್ತು ನನ್ನೂ ಕೇಳ್ಲಿಲ್ಲ ಅವ್ರು" ಅಂದರು. "ಬೋಡಿ ಊರಲ್ಲಿ ನಂಗೂ ಒಬ್ಳು ಇದ್ಲು."

ಅಷ್ಟರಲ್ಲಿ ಕೊಳ್ಳಿ ಹಿಡಿಯಲು ಕರೆದರು. ಎದ್ದು ಹೋದರು. ಆಗ ನನಗೆ ಅಳು ಉಕ್ಕಿ ಬಂತು, ಎಷ್ಟು ಮಾಡಿದರೂ ನಿಲ್ಲಲಿಲ್ಲ. ಸೊಸೆಗೆ ಮಾವನೆಂದರೆ ಎಷ್ಟು ಪ್ರೀತಿ ನೋಡಿ ಎನ್ನುತ್ತ ಹೆಂಗಸರು ನನ್ನನ್ನು ತಬ್ಬಿಕೊಂಡು ಸಮಾಧಾನ ಮಾಡಿದರು.