ದಿಂಬಿನ ಡಬ್ಬಕ್ಕೂ ಜೋಪಾನ

ಪಕ್ಕದ ಮನೆಯವರಿಗೆ ‘ತುರ್ತಪ್ಪ’ ಎಂದು ಹೆಸರಿಟ್ಟದ್ದು ಅವರ ಕಚೇರಿಯವರೇ. ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾದ ಅವರು ಕೈಗೆ ಬಂದ ಕಾಗದಕ್ಕೆಲ್ಲ ‘ತುರ್ತು’ ಎಂಬ ಕೆಂಪು ಮೊಹರು ಒತ್ತುತ್ತಿದ್ದರಂತೆ. ಕುರ್ಚಿಯ ಕಾಲು ಅಲ್ಲಾಡುತ್ತದೆ ಎಂಬ ಅರ್ಜಿಗೂ ತುರ್ತು. ಕೊನೆಕೊನೆಗೆ ಮೇಲಿನವರು ಕೆಂಪು ಕಂಡ ಕಾಗದವನ್ನೆಲ್ಲ ಕಟ್ಟಿನ ಅಡಿಗೆ ಸೇರಿಸತೊಡಗಿದರು. ಮೇಲಿನವರು ಎಂಥ ಸೋಮಾರಿಗಳು ಎಂದು ತೋರಿಸಲು ಇದನ್ನು ನನಗೆ ಹೇಳಿದವರು ಸ್ವತಃ ತುರ್ತಪ್ಪನವರೇ. ಹೂಂಗುಟ್ಟುವವರು ಸಿಕ್ಕರೆ ಅವರಿಗೆ ಊಟವೂ ಬೇಡ.

ಮನೆಯಲ್ಲೂ ಅದೇ ಮೊಹರು. ನೆಗಡಿಯಾದರೆ ‘ನನ್ನ ಕಥೆ ಮುಗೀತು’. ಕನ್ನಡಕ ಸಿಗದಿದ್ದರೆ ಕಳ್ಳರು ನುಗ್ಗಿದಷ್ಟು ಕೂಗಾಟ. ಆ ಕೂಗಿಗೆ ಅವರ ಹೆಂಡತಿ ಓಡಿ ಬರುವುದನ್ನು ಬಿಟ್ಟು ಯಾವುದೋ ಕಾಲವಾಗಿತ್ತು. ಅವಳು ಕಿಟಕಿಯ ಬಳಿ, ತಾಯಿ ಕೊಟ್ಟ ಹೊಲಿಗೆ ಮಿಷನ್ನಿನ ಮುಂದೆ ಕೂತು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಬಹುಪಾಲು ಆ ಚಕ್ರದ ಮೇಲೆಯೇ.

ಅವರು ಮನೆ ಬದಲಾಯಿಸುವ ಹೊತ್ತು ಬಂದಾಗ ಸಾಮಾನು ಕಟ್ಟಲು ನಾನೂ ಹೋದೆ. ಅವಳು ಮಿಷನ್ನಿನ ತಲೆಯನ್ನು ಮೇಜಿನಿಂದ ಬಿಚ್ಚಿ, ಸೂಜಿ ತೆಗೆದು, ಕಂಬಳಿ ಸುತ್ತಿ, ಡಬ್ಬದಲ್ಲಿಟ್ಟು, ಅಲುಗಾಡದಂತೆ ಮೂಲೆಮೂಲೆಗೂ ಚಿಂದಿ ತುರುಕಿದಳು.

“ಬೀಡು ಕಬ್ಬಿಣ ಅಕ್ಕಾ. ನೋಡೋಕೆ ಗಟ್ಟಿ, ಬಿದ್ರೆ ಗಾಜಿನ ಥರಾನೇ ಬಿರುಕು ಬಿಡತ್ತೆ. ಇದೊಂದು ನೆಟ್ಟಗೆ ಸೇರ್ಕೊಂಡ್ರೆ ಸಾಕು, ನಾನು ಹೇಗೋ ಬದುಕ್ಕೋತೀನಿ.”

ತುರ್ತಪ್ಪನವರು ಒಂದು ಚಮಚವನ್ನೂ ಕಟ್ಟಲಿಲ್ಲ. ದಪ್ಪ ಮಾರ್ಕರ್ ಹಿಡಿದು ಡಬ್ಬ ಡಬ್ಬಕ್ಕೂ ‘ಜೋಪಾನ! ಒಡೆಯುವ ಸಾಮಾನು!’ ಎಂದು ಬರೆಯುತ್ತ ಹೊರಟರು.

“ರೀ, ಅದರಲ್ಲಿ ದಿಂಬಿದೆ.”

“ಇರ್ಲಿ. ಬರೆದಿದ್ರೆ ಮರ್ಯಾದೆಯಿಂದ ಎತ್ತುತ್ತಾರೆ.”

“ಆ ಇನ್ನೊಂದರಲ್ಲಿರೋ ಹಳೇ ಚಪ್ಪಲಿಗೂ ಮರ್ಯಾದೆ ಬೇಕಾ? ದಮ್ಮಯ್ಯ, ಮಿಷನ್ನಿನ ಡಬ್ಬಕ್ಕೆ ಮಾತ್ರ ಬರೀರಿ. ಆಗ ಅವರಿಗೂ ಗೊತ್ತಾಗತ್ತೆ.”

“ಹಾಗಾದ್ರೆ ನನ್ನ ಸಾಮಾನೆಲ್ಲ ಕಸವಾ?”

ಚಪ್ಪಲಿ ಡಬ್ಬಕ್ಕೆ ಇನ್ನೊಂದು ಆಶ್ಚರ್ಯಚಿಹ್ನೆ ಸೇರಿತು. ಪುಣ್ಯಕ್ಕೆ ನಾನು ಓಡಾಡುತ್ತಿದ್ದೆ. ಕೂತಿದ್ದರೆ ನನ್ನ ಬೆನ್ನಿಗೂ ಬರೆದುಬಿಡುತ್ತಿದ್ದರು.

ಲಾರಿ ಬಂತು. ಹಮಾಲರು ಮೊದಲ ಡಬ್ಬವನ್ನು ಎಳೆಗೂಸಿನಂತೆ ಇಬ್ಬರು ಹಿಡಿದು ತಂದರು. ಮೆಟ್ಟಿಲ ಹತ್ತಿರ ಅದರ ತಳ ಬಿಚ್ಚಿಕೊಂಡು ಹಳೆ ಚಪ್ಪಲಿಗಳು ಉದುರಿದವು. ಅವರ ಮೇಸ್ತ್ರಿ ಒಂದನ್ನು ಎತ್ತಿ ಹಿಡಿದ.

“ಯಜಮಾನ್ರೇ, ಇದು ಒಡೆಯತ್ತಾ? ಯಾರ ತಲೆ ಮೇಲೆ?”

ಮುಂದಿನದು ದಿಂಬಿನ ಡಬ್ಬ, ಎತ್ತಿದರೆ ಹತ್ತಿಯಷ್ಟು ಹಗುರ. ಆಮೇಲೆ ಅವರನ್ನು ಹಿಡಿಯುವವರಿಲ್ಲ. “ಜೋಪಾನಾ!” ಎಂದು ಕೂಗುತ್ತ ಕೆಳಗಿನವನು ಎಸೆದರೆ ಲಾರಿಯ ಮೇಲಿನವನು ಒಂದೇ ಕೈಯಲ್ಲಿ ಹಿಡಿಯುತ್ತಿದ್ದ. ತುರ್ತಪ್ಪನವರು ಅರಚಿದಷ್ಟೂ ಅವರ ನಗು ಏರಿತು.

ಅವಳು ಓಡಿಹೋಗಿ ತನ್ನ ಡಬ್ಬಕ್ಕೆ ಅಡ್ಡ ನಿಂತಳು. “ಅಣ್ಣಾ, ಇದೊಂದು ನಿಜವಾಗ್ಲೂ ಒಡೆಯತ್ತೆ.”

ಮೇಸ್ತ್ರಿ ಅವಳ ಮುಖ ನೋಡಿದ. ನಗು ನಿಲ್ಲಿಸಿದ. ನಂಬಿದನೆಂದೇ ನನಗನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ತುರ್ತಪ್ಪನವರ ಗಂಟಲು: “ಇದೊಂದೇ ಅಲ್ಲ ಕಣಯ್ಯಾ, ಎಲ್ಲಾನೂ ಒಡೆಯತ್ತೆ! ಮೊದಲು ನನ್ನ ಹಳೇ ಕ್ಯಾಲೆಂಡರ್ ಡಬ್ಬ ನೋಡ್ಕೋ!”

“ಆಯ್ತು ಸ್ವಾಮಿ, ಎಲ್ಲಾ ಒಡೆಯತ್ತೆ,” ಎಂದು ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಸರಿಸಿ ಡಬ್ಬ ಎತ್ತಿಕೊಟ್ಟ. ಮೇಲಿನವನು ಇದೂ ದಿಂಬೇ ಎಂದುಕೊಂಡು ಒಂದು ಕೈ ಚಾಚಿದ. ಡಬ್ಬ ಜಾರಿ, ಅದರ ಮೂಲೆ ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಅಂಚಿಗೆ ಬಡಿಯಿತು. ದೊಡ್ಡ ಸದ್ದೇನೂ ಇಲ್ಲ, ‘ಟಕ್’ ಅಂದಿತು, ಅಷ್ಟೆ.

ಹೊಸ ಮನೆಯಲ್ಲಿ ಬಿಚ್ಚಿ ನೋಡಿದರೆ ಮಿಷನ್ನಿನ ಕತ್ತಿನಿಂದ ತಳದವರೆಗೆ ಬಿರುಕು. ರಿಪೇರಿಯವನು ಬೆರಳಾಡಿಸಿ ನೋಡಿ, “ಬೆಸುಗೆ ಹಾಕಬಹುದು ತಾಯೀ, ಆದ್ರೆ ಹೊಲಿಗೆ ಇನ್ನು ನೇರ ಬರಲ್ಲ,” ಎಂದ.

“ಇಷ್ಟು ದಪ್ಪಕ್ಕೆ ಬರೆದಿದ್ದೆ! ಓದೋಕೆ ಬಾರದ ಜನ!” ಎಂದು ತುರ್ತಪ್ಪನವರು ಹೊಸ ಬೀದಿಯ ಮನೆಮನೆಗೂ ಹೇಳಿ ಬಂದರು. ಹೆಂಡತಿ ಇನ್ನು ಏನು ಮಾಡುತ್ತಾಳೆ ಎಂದು ಮಾತ್ರ ಅವರು ಕೇಳಿದ್ದನ್ನು ನಾನು ಕಾಣೆ. ಪರರನ್ನು ಹಳಿಯುವ ಬುದ್ಧಿ ಕೊಡಬೇಡ ಎಂದು ದಿನಾ ಬೆಳಗ್ಗೆ ಬೇಡಿಕೊಳ್ಳುತ್ತೇನೆ. ಈ ಒಬ್ಬರ ವಿಷಯದಲ್ಲಿ ದೇವರು ಇನ್ನೂ ಮನಸ್ಸು ಮಾಡಿಲ್ಲ.

ಅವಳೀಗ ಪೇಟೆಯ ಬಟ್ಟೆ ಅಂಗಡಿಯ ಹಿಂಭಾಗದಲ್ಲಿ ಹೊಲಿಯಲು ಹೋಗುತ್ತಾಳೆ. ಮೊನ್ನೆ ಸಿಕ್ಕಾಗ ಹೇಗಿದೆಯಮ್ಮಾ ಅಂದೆ.

“ಕಿಟಕಿ ಇಲ್ಲ ಅಕ್ಕಾ. ಕೊಟ್ಟಿರೋದು ಮೂಲೆಯ ಮಿಷನ್ನು, ಯಾರದೋ ಬಟ್ಟೆ, ಯಾರದೋ ಅಳತೆ. ಆದ್ರೆ ಸಂಜೆವರೆಗೂ ಯಾರೂ ಕೂಗಲ್ಲ,” ಎಂದಳು. ಆಮೇಲೆ ಸ್ವಲ್ಪ ನಕ್ಕಳು. “ವಾರಕ್ಕೊಂದು ರಜ ತಗೋ ಅಂದ್ರು. ಬೇಡ, ಬರ್ತೀನಿ ಅಂದೆ.”