ಬೈರಿದೇವರಕೊಪ್ಪದ ಸರ್ಫರ್

ಬೈರಿದೇವರಕೊಪ್ಪದ ನೀಲಾಂಬಿಕೆಗೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಹುಚ್ಚು. ಸಮುದ್ರ ಘಟ್ಟದಾಚೆ ಇದ್ದರೂ ಶನಿವಾರ ಬಂತೆಂದರೆ ಮುರ್ಡೇಶ್ವರದ ಬಸ್ಸು ಹತ್ತಿಬಿಡುವಳು. ಉಳಿದ ದಿನ ಅಪ್ಪನ ಕಾಳಿನ ಅಂಗಡಿಯಲ್ಲಿ ಜೋಳದ ಚೀಲಗಳ ಮೇಲೆ ಹಲಗೆಯಿಟ್ಟು, ಕೈ ಚಾಚಿ ತೂಗಾಡುವಳು, ಗಿರಾಕಿ ಬಂದರೆ ಅಲ್ಲಿಂದಲೇ "ಬರ್ರಿ ಕಾಕಾ, ಏನ್ ಬೇಕ್ರಿ?" ಎನ್ನುವಳು. ಶ್ರೀಲಂಕಾದ ಕಿರಿಯರ ಸರ್ಫಿಂಗ್ ಸ್ಪರ್ಧೆಗೆ ಆಯ್ಕೆಯಾದ ಮೇಲಂತೂ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ಸಲ ಹತ್ತಿದ ವಿಮಾನದ ಕಿಟಕಿಗೆ ಮೂಗು ಒತ್ತಿ, ಕೆಳಗಿನ ಅಲೆಗಳಲ್ಲಿ ತನಗೆ ಬೇಕಾದವನ್ನು ಆರಿಸಿಕೊಂಡಳು. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ ಲಂಕೆಯ ಅಧಿಕಾರಿಗೆ ಬ್ಯಾಗು ಬಿಚ್ಚಿ ಶೇಂಗಾ ಹೋಳಿಗೆ ಕೊಟ್ಟಳು. ಆದರೆ ಸ್ಪರ್ಧೆಯ ಸಂಜೆ ಮನೆಯೆತ್ತರದ ಅಲೆಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಬೋರ್ಡು ಅವಚಿಕೊಂಡು ನೀರಿಗಿಳಿದಳು. ಮೊದಲ ಅಲೆ ಅವಳನ್ನು ಬುಗುರಿಯಂತೆ ತಿರುಗಿಸಿ ಮುಳುಗಿಸಿತು, ಎರಡನೆಯದೂ ಬಿಡಲಿಲ್ಲ. ಮೂರನೆಯದರ ಮೇಲೆ ಎದ್ದು ನಿಂತು, ಕೇಕೆ ಹಾಕುತ್ತ ದಡದವರೆಗೂ ಬಂದಳು. ಅಷ್ಟರಲ್ಲಿ ಹಾರ್ನ್ ಕೂಗಿತು. ದಿನದ ಕೊನೆಯ ಸುತ್ತು ಮುಗಿದಿತ್ತು. ನಾಲ್ವರಲ್ಲಿ ಅವಳೇ ಕೊನೆ. ಹುಡುಗಿ ಅತ್ತುಬಿಡುತ್ತಾಳೆಂದು ಕೋಚ್ ಟವೆಲ್ ಹಿಡಿದು ಓಡಿ ಬಂದರೆ, ನೀಲಾಂಬಿಕೆ ಬೋರ್ಡಿನ ಮೇಲೆ ಬೋರಲಾಗಿ ಮಲಗಿ, ಕೈಯಿಂದ ನೀರು ತಳ್ಳುತ್ತ ಮತ್ತೆ ಒಳಗೆ ಹೊರಟಿದ್ದಳು. "ಸೋತೇನ್ರಿ ಸರ್, ಖರೇ! ಆದ್ರ ಭಾಳ ಛಲೋ ಅಲಿ ಬರಾಕತ್ತಾವ, ಇನ್ನೊಂದ ಹಿಡಕೊಂಡು ಬರ್ತೇನ್ರಿ!" ಗೆದ್ದ ಲಂಕೆಯ ಹುಡುಗಿಗೆ ಈ ಮಾತು ಒಂದೂ ತಿಳಿಯಲಿಲ್ಲ. ಆದರೂ ಅವಳು ನಕ್ಕು, ತನ್ನ ಬೋರ್ಡು ತಿರುಗಿಸಿ, ನೀಲಾಂಬಿಕೆಯ ಬೆನ್ನ ಹಿಂದೆಯೇ ಅಲೆಗಳತ್ತ ಹೊರಟಳು.