ಗಿಡ್ಡಮ್ಮನ ಸಹಿ

ಸರ್ಕಾರಗಳು ಹೇಗೆ ತೀರ್ಮಾನ ಮಾಡುತ್ತವೆ ಎಂಬುದನ್ನು ಕ್ರಾಂತಿ ನಾಲ್ಕು ವರ್ಷದಿಂದ ಓದುತ್ತಿದ್ದಳು. ವಿಶ್ವವಿದ್ಯಾಲಯದ ಅವಳ ಮಾರ್ಗದರ್ಶಕರು ಗ್ರಾಮಸಭೆಯ ಮೇಲೆ ಎರಡು ಪುಸ್ತಕ ಬರೆದ ಮಹಾನುಭಾವರು. ಒಂದು ಗ್ರಾಮಸಭೆಯಲ್ಲೂ ಕುಂಡಿ ಊರಿದವರಲ್ಲ. ಜನರ ಸಹಭಾಗಿತ್ವ ಎಂಬ ಮಾತು ಅವರ ಬಾಯಲ್ಲಿ ಎಲೆ ಅಡಿಕೆಯ ಹಾಗೆ ಸದಾ ಇರುತ್ತಿತ್ತು. ಊರಿಗೇ ಹೋಗಿ ದಾಖಲೆ ನೋಡು ಎಂದು ಅವಳನ್ನು ಅಟ್ಟಿದವರೂ ಅವರೇ. ಅದೊಂದಕ್ಕೆ ಬೇಕಾದರೆ ಒಂದು ನಮಸ್ಕಾರ ಹೇಳಬಹುದು.

ಊರೆಂದರೆ ಅವಳ ಸ್ವಂತ ಊರೇ, ತೆಲಿಗಿಯಲ್ಲಿ ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕು. ಅವ್ವ ಗಿಡ್ಡಮ್ಮ ಅಲ್ಲಿನ ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ಸಾಕ್ಷರತಾ ಆಂದೋಲನದಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದಳು. ಅದರಾಚೆಗೆ ಅಕ್ಷರ ತಲೆಗೆ ಹತ್ತಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚಲು ಬಂದವರನ್ನು ತಡೆದು ಪೆನ್ನು ಕೇಳುವುದು ಅವಳ ಬದುಕಿನ ದೊಡ್ಡ ಸುಖ. ಎಳೆದೆಳೆದು ಬರೆದು ಮುಗಿಸಿ, ಕಾಗದವನ್ನು ದೂರ ಹಿಡಿದು ನೋಡುತ್ತಿದ್ದಳು.

ಅವರಿದ್ದ ದಲಿತ ಕಾಲೊನಿಗೆ ಆ ವರ್ಷ ಶುದ್ಧ ಕುಡಿಯುವ ನೀರಿನ ಘಟಕ ಮಂಜೂರಾಗಿತ್ತು. ಕಟ್ಟಿದ್ದು ಮಾತ್ರ ಮೇಲಿನ ಬೀದಿಯಲ್ಲಿ, ಪಂಚಾಯಿತಿ ಅಧ್ಯಕ್ಷರ ಅಂಗಡಿಯ ಮಗ್ಗುಲಿಗೆ. ಕಾಲೊನಿಯ ಹೆಂಗಸರು ಕೊಡ ಹೊತ್ತು ಹೋದರೆ ಮೇಲಿನವರು ತುಂಬಿಕೊಳ್ಳುವವರೆಗೂ ದೂರ ನಿಲ್ಲಬೇಕಿತ್ತು. ಯಾಕೆ ಹೀಗಾಯಿತೆಂದು ನೋಡಲು ಕ್ರಾಂತಿ ಗ್ರಾಮಸಭೆಯ ನಡಾವಳಿ ಪುಸ್ತಕ ತೆಗೆಸಿದಳು. ಕಾರ್ಯದರ್ಶಿ ಬೆನಕಪ್ಪ ಧೂಳು ಕೊಡವಿ ಕೊಟ್ಟ. ಅದರಲ್ಲಿ ಬರೆದಂತೆ, ಕಾಲೊನಿಯವರೇ ಸಭೆಗೆ ಬಂದು, ಘಟಕ ಮೇಲಿನ ಬೀದಿಗೆ ಹೋಗಲೆಂದು ಸಂತೋಷದಿಂದ ಒಪ್ಪಿದರಂತೆ. ಕೆಳಗೆ ಹೆಬ್ಬೆಟ್ಟು, ಸಹಿ ಸೇರಿ ನಲವತ್ತೆರಡು ಗುರುತು. ಮೊದಲನೆಯದೇ ಅವ್ವನ ಸಹಿ.

ಸಭೆಯ ದಿನಾಂಕ ಏಪ್ರಿಲ್ ಹದಿನಾಲ್ಕು. ಕ್ರಾಂತಿಗೆ ನಗುವೂ ಬಂತು, ಮೈಯೂ ಉರಿಯಿತು. ಬಾಬಾಸಾಹೇಬರ ಜಯಂತಿಯ ದಿನ ಕಾಲೊನಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ, ಎಲ್ಲರೂ ಹರಪನಹಳ್ಳಿಯ ಮೆರವಣಿಗೆಯಲ್ಲಿರುತ್ತಾರೆ. ಸುಳ್ಳು ಬರೆಯುವುದಕ್ಕೂ ಪಕ್ಕದ ಕೇರಿಯವರ ಹಬ್ಬ ಯಾವಾಗ ಎಂದು ಗೊತ್ತಿರಬೇಕು. ಇಪ್ಪತ್ತು ವರ್ಷ ಅಲ್ಲೇ ಸಂಬಳ ತಿಂದ ಬೆನಕಪ್ಪನಿಗೆ ಅಷ್ಟೂ ಗೊತ್ತಿರಲಿಲ್ಲ.

ಕೇಳಿದ್ದಕ್ಕೆ ಅವನು ಹಲ್ಲು ಕಿರಿದ. "ನಿಮ್ಮವ್ವನ ಸಹಿನೇ ಐತಲ್ಲಮ್ಮ. ನಿಮ್ಮವ್ವಗ ಓದಾಕ ಬರಂಗಿಲ್ಲ ಅಂತ ಮಗಳಾಗಿ ನೀನೇ ಸಭಾದಾಗ ಹೇಳ್ತಿಯೇನು?"

ಅಲ್ಲಿ ಅವಳು ಸಿಕ್ಕಿಬಿದ್ದಳು. ದೂರು ಕೊಟ್ಟರೆ ಅವ್ವನ ಮರ್ಯಾದೆ ಊರ ಮುಂದೆ ಹೋಗುತ್ತದೆ, ಸುಮ್ಮನಿದ್ದರೆ ನೀರು ಹೋಗುತ್ತದೆ. ಮನೆಗೆ ಬಂದು ಮೆಲ್ಲಗೆ ವಿಷಯ ತೆಗೆದಳು. ರೇಷನ್ ಪಟ್ಟಿ ಎಂದು ಹೇಳಿ ಬೆನಕಪ್ಪ ಹಾಸ್ಟೆಲ್ ಬಾಗಿಲಿಗೇ ಪುಸ್ತಕ ತಂದಿದ್ದನೆಂದು ಗಿಡ್ಡಮ್ಮ ಹೇಳಿದಳು. ಆಮೇಲೆ ಎದ್ದು ರೊಟ್ಟಿ ಬಡಿಯತೊಡಗಿದಳು.

ಮುಂದಿನ ಗ್ರಾಮಸಭೆಯಲ್ಲಿ ಕ್ರಾಂತಿ ಬಾಯಿ ತೆರೆಯುವ ಮೊದಲೇ ಗಿಡ್ಡಮ್ಮ ಎದ್ದು ನಿಂತಳು.

"ನನಗ ಸಹಿ ಮಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ಅದು ಗೊತ್ತಿದ್ದೇ ಈ ಬೆನಕಪ್ಪ ನನ್ ಹತ್ರ ಬಂದಿದ್ದ. ನೀರಿನ ಘಟಕ ನಮ್ ಕಾಲೊನಿಗೇ ಬರಬೇಕ್ರಿ."

ಅಧ್ಯಕ್ಷರು ಮೊಬೈಲು ತಿಕ್ಕತೊಡಗಿದರು. ಇಂಥ ಸಹಭಾಗಿತ್ವದ ಬಗ್ಗೆ ಮಾರ್ಗದರ್ಶಕರ ಎರಡು ಪುಸ್ತಕಗಳಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಗೆ ಬೆನಕಪ್ಪ ರೂಢಿಯಂತೆ ಸಹಿಗೆಂದು ಪುಸ್ತಕ ಚಾಚಿದ. ಗಿಡ್ಡಮ್ಮ ಅದನ್ನು ಮಗಳ ಕೈಗಿತ್ತು ಗಟ್ಟಿಯಾಗಿ ಓದು ಎಂದಳು. ಆ ದಿನದ ನಡಾವಳಿ ಹಿಂದಿನ ದಿನವೇ ಬರೆದು ಮುಗಿದಿತ್ತು: ನೀರಿನ ಘಟಕಕ್ಕಾಗಿ ಗಿಡ್ಡಮ್ಮನವರು ಪಂಚಾಯಿತಿಗೆ ಕೃತಜ್ಞತೆ ಸಲ್ಲಿಸಿದರು.

ಹಿಂದೆ ಕೂತಿದ್ದ ಕುರಿಗಾರ ಬೀರಲಿಂಗೇಶ್ ಮೊದಲು ನಕ್ಕ. ಆಮೇಲೆ ನಗು ಮೇಲಿನ ಬೀದಿಯವರಿಗೂ ಹತ್ತಿತು. ಗಿಡ್ಡಮ್ಮ ನಗಲಿಲ್ಲ. ಆ ಸಾಲು ಹೊಡೆದುಹಾಕಿಸಿ, ತಾನು ಆಡಿದ್ದನ್ನು ಆಡಿದ ಹಾಗೆಯೇ ಬೆನಕಪ್ಪನ ಕೈಯಿಂದಲೇ ಬರೆಸಿದಳು, ಮಗಳಿಂದ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಪೆನ್ನು ಇಸಿದುಕೊಂಡು ಸಹಿ ಹಾಕಿದಳು. ಈ ಸಲ ದೂರ ಹಿಡಿದು ನೋಡಲಿಲ್ಲ.